ಗೋಡೆಯ ಕೈ, ನೆಲದ ಕೆಲಸ: ಬಸವನಗುಡಿಯ ಒಂದು ಹಲಗೆ ನೆಲದ ಪ್ರಕರಣ

ನೆಲ ನೋಡುವ ಮೊದಲು ನಾನು ಅದಕ್ಕೆ ಹೊಡೆದ ವಾರ್ನಿಷ್ ಡಬ್ಬ ಕೇಳಿದೆ. ಮನೆಯ ಯಜಮಾನರಾದ ಮೇಷ್ಟ್ರಿಗೆ ವಿಚಿತ್ರ ಅನ್ನಿಸಿತು. "ಹಾಳಾಗಿರೋದು ನೆಲ ಕಣಪ್ಪ, ಡಬ್ಬ ನೋಡಿ ಏನು ಮಾಡ್ತೀಯ?" ಅಂದರು. ಆದರೂ ಮೆಟ್ಟಿಲ ಕೆಳಗಿನ ಗೂಡಿನಿಂದ ತೆಗೆದು ಕೊಟ್ಟರು. 5 ಲೀಟರಿನ ಡಬ್ಬ. ಒಳಗೆ ಇನ್ನೂ ಒಂದೂವರೆ ಲೀಟರಿನಷ್ಟು ಹಾಲಿನಂಥ ದ್ರವ ಉಳಿದಿತ್ತು. ಒಂದು ಪಟ್ಟಿ ಇಳಿಸಿ ತಳ ಕೆರೆದೆ. ತುದಿಗೆ ಗಟ್ಟಿ ಮೊಸರಿನಂಥ ಬಿಳಿ ಕೆಸರು ಅಂಟಿಕೊಂಡು ಬಂತು. ಮಹಡಿ ಹತ್ತುವ ಮೊದಲೇ ಅರ್ಧ ವಿಷಯ ಗೊತ್ತಾಗಿತ್ತು.

ಮನೆ ಬಸವನಗುಡಿಯಲ್ಲಿ, ಗಾಂಧಿ ಬಜಾರಿಗೆ ಐದು ನಿಮಿಷದ ನಡಿಗೆ. 1898ರ ಪ್ಲೇಗ್ ಆದಮೇಲೆ ಜನ ಪೇಟೆ ಬಿಟ್ಟು ಆಚೆ ಬಂದಾಗ ಬೆಳೆದ ಬಡಾವಣೆ ಇದು. ಅಲ್ಲಿ ಹಳೆಯ ಮನೆಗಳು ಈಗ ಕಮ್ಮಿ. ಉಳಿದಿರುವುದರಲ್ಲಿ ಹಲಗೆ ಮಹಡಿ ಇರುವುದು ಇನ್ನೂ ಕಮ್ಮಿ. ಈ ಮನೆಯಲ್ಲಿ ಕೆಳಗೆ ರೆಡ್ ಆಕ್ಸೈಡ್ ನೆಲ, ಮೇಲೆ ತೇಗದ ಹಲಗೆ. ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಒಂದು ಇಂಚು ದಪ್ಪದ ಹಲಗೆ. ಕೋಣೆ 20 ಅಡಿ ಉದ್ದ, 14 ಅಡಿ ಅಗಲ. 280 ಚದರ ಅಡಿ, ಅಂದರೆ ಹೆಚ್ಚು ಕಮ್ಮಿ 26 ಚದರ ಮೀಟರ್.

ಮೇಷ್ಟ್ರ ಮಗಳು ಅಲ್ಲಿ ಭರತನಾಟ್ಯ ಹೇಳಿಕೊಡುತ್ತಾರೆ. ಬೀದಿಯವರೆಲ್ಲ ಅವರನ್ನು ಟೀಚರ್ ಅಂತಲೇ ಕರೆಯುವುದು, ನಾನೂ ಹಾಗೇ ಕರೆದೆ. ಮಾರ್ಚ್‌ನಲ್ಲಿ ಮಕ್ಕಳಿಗೆ ಪರೀಕ್ಷೆ, ಕ್ಲಾಸಿಗೆ ರಜೆ. ಏಪ್ರಿಲ್ 7ರಿಂದ ಬೇಸಿಗೆ ಶಿಬಿರ. ಆ ನಡುವೆ ನೆಲಕ್ಕೆ ಪಿಯು ಹೊಡೆಸಿಬಿಡೋಣ ಅಂತ ಹೊರಟಿದ್ದರು. ವರ್ಷಗಟ್ಟಲೆ ಮೇಣದ ಪಾಲಿಷ್ ತಿಕ್ಕಿ ತಿಕ್ಕಿ ಟೀಚರ್ ಅವರ ಅಮ್ಮನಿಗೆ ಸೊಂಟ ಹೋಗಿತ್ತು. ಗೆಜ್ಜೆ ಕಟ್ಟಿ ಕುಣಿದ ಕಡೆಯೆಲ್ಲ ಗೀರು ಬೇರೆ. ಪಿಯು, ಅಂದರೆ ಪಾಲಿಯುರೆಥೇನ್ ವಾರ್ನಿಷ್, ಗಟ್ಟಿ ಪೊರೆ ಕಟ್ಟುತ್ತದೆ, ಗೀರು ತಡೆಯುತ್ತದೆ. ಆಯ್ಕೆ ಸರಿಯಾಗೇ ಇತ್ತು.

ಬಂದ ಪೇಂಟರ್ ಆ ಮನೆಗೆ ಹೊಸಬನಲ್ಲ. ಹತ್ತು ವರ್ಷದಿಂದ ಗೋಡೆ ಬಳಿಯುತ್ತಿದ್ದವನು. ಕೈ ಚೆನ್ನಾಗಿದೆ. ಮೆಟ್ಟಿಲ ಪಕ್ಕದ ಗೋಡೆಗೆ ಆತ ಹೊಡೆದ ಬಣ್ಣ ನೋಡಿದರೆ ಗೊತ್ತಾಗುತ್ತದೆ, ಒಂದು ಗೆರೆ ಇಲ್ಲ. ಅಂಥವನು ನೆಲಕ್ಕೆ ಎರಡು ಕೋಟ್ ಹೊಡೆದ. ನೆಲ ಕೆಟ್ಟಿತು.

ಮೇಲೆ ಹೋಗಿ ನೋಡಿದ್ದು ಇಷ್ಟು. ಗೋಡೆಯ ಉದ್ದಕ್ಕೂ ನಾಲ್ಕು ಬೆರಳು ಅಗಲದ ಚೌಕಟ್ಟು, ಫೋಟೋಗೆ ಫ್ರೇಮ್ ಹಾಕಿದ ಹಾಗೆ. ಕೋಣೆಯ ನಡುವೆ ರೋಲರ್ ಅಗಲದ ಪಟ್ಟೆಗಳು, ಅದೂ ಹಲಗೆಗೆ ಅಡ್ಡಡ್ಡ. ಪೂರ್ವದ ಕಿಟಕಿ ಹತ್ತಿರ ಸಾಸಿವೆ ಗಾತ್ರದ ಗುಳ್ಳೆಗಳು, ಕೆಲವು ಒಡೆದು ಕುಳಿ ಬಿದ್ದಿದ್ದವು. ಅಲ್ಲಲ್ಲಿ ನೂಲಿನ ಎಳೆ. ಒಂದು ಮೂಲೆ ಗಾಜಿನ ಹಾಗೆ ಹೊಳೆಯುತ್ತಿತ್ತು, ಬಾಗಿಲ ಹತ್ತಿರದ ಭಾಗ ಮಂಜು ಕವಿದ ಹಾಗೆ ಮಂಕು. ಗೋಡೆಯ ಬುಡದಲ್ಲಿ ಉಗುರಿನಿಂದ ಕೆರೆದರೆ ಪೊರೆ ಬೆಂದ ಹಾಲಿನ ಕೆನೆಯಂತೆ ಎದ್ದು ಬರುತ್ತಿತ್ತು.

ಮನೆಯವರ ತೀರ್ಪು ಆಗಲೇ ಆಗಿಹೋಗಿತ್ತು: ರೋಲರ್‌ನದೇ ತಪ್ಪು. ಪೇಂಟರ್‌ದೂ ಅದೇ ಮಾತು. ಫೋನ್ ಮಾಡಿದಾಗ "ಪಿಯುಗೆ ಸ್ಪ್ರೇ ಗನ್ನೇ ಬೇಕು ಅಣ್ಣಾ, ರೋಲರ್‌ನಲ್ಲಿ ಬರಲ್ಲ" ಅಂದ. ಪಾಪ, ಆತ ನೋಡಿರುವ ಪಿಯು ಎಲ್ಲ ಬಾಗಿಲಿಗೆ, ವಾರ್ಡ್‌ರೋಬಿಗೆ ಗನ್‌ನಲ್ಲಿ ಹೊಡೆಯುವ ಎರಡು ಡಬ್ಬದ್ದು, ಗಟ್ಟಿ ಮಾಡುವ ಹಾರ್ಡನರ್ ಬೆರೆಸುವಂಥದ್ದು. ಅದನ್ನು ಈ ಮನೆಗೆ ತರುವ ಹಾಗೇ ಇರಲಿಲ್ಲ. ಅಮ್ಮನಿಗೆ ಆಸ್ತಮಾ. ಹಾರ್ಡನರ್‌ನಲ್ಲಿರುವ ಐಸೋಸಯನೇಟ್ ಉಸಿರಿಗೆ ಕೆಟ್ಟದ್ದು, ಗನ್‌ನಲ್ಲಿ ಮಂಜಾಗಿ ಹಾರಿದರೆ ಇನ್ನೂ ಕೆಟ್ಟದ್ದು. ಎಣ್ಣೆ ಆಧಾರದ ಪಿಯು ಇನ್ನೊಂದು ದಾರಿ. ಆದರೆ ಅದರ ವಾಸನೆ ದಿನಗಟ್ಟಲೆ ಉಳಿಯುತ್ತದೆ, ಕೋಟ್‌ಗೆ ಕೋಟ್‌ಗೆ ಒಂದು ದಿನ ಕಾಯಬೇಕು. ತೇಗದಲ್ಲಿರುವ ಎಣ್ಣೆ ಅದು ಒಣಗುವುದನ್ನೂ ತಡೆಯುತ್ತದೆ. ಹಾಗಾಗಿ ನೀರಿನ ಆಧಾರದ ಪಿಯು ತಂದಿದ್ದರು. ಅದೂ ಸರಿಯೇ. ಮತ್ತೆ ಕೆಟ್ಟಿದ್ದು ಎಲ್ಲಿ?

ಡಬ್ಬ ಹೇಳಿದ್ದು

ಡಬ್ಬದ ಮೇಲೆ ಲೀಟರಿಗೆ 10 ಚದರ ಮೀಟರ್ ಅಂತ ಬರೆದಿತ್ತು. 26 ಚದರ ಮೀಟರಿಗೆ ಒಂದು ಕೋಟ್ ಅಂದರೆ 2.6 ಲೀಟರ್. ಎರಡು ಕೋಟ್‌ಗೆ 5 ಲೀಟರ್ ಪೂರ್ತಿ ಮುಗಿದು ಇನ್ನಷ್ಟು ಬೇಕಾಗಬೇಕಿತ್ತು. ಆತ ಬಳಸಿದ್ದು ಮೂರೂವರೆ ಲೀಟರ್. ಎಳೆದೆಳೆದು ಹೊಡೆದಿದ್ದಾನೆ. ಗೋಡೆಗೆ ಬಣ್ಣ ಹೊಡೆಯುವಾಗ ಎಳೆದು ಹೊಡೆಯುವುದೇ ಜಾಣತನ, ಯಜಮಾನರಿಗೆ ದುಡ್ಡು ಉಳಿಯುತ್ತದೆ.

ಲೀಟರಿಗೆ 10 ಚದರ ಮೀಟರ್ ಅಂದರೆ ಹಸಿ ಪೊರೆಯ ದಪ್ಪ 0.1 ಮಿಲಿಮೀಟರ್. ಈತನ ಲೆಕ್ಕಕ್ಕೆ ಅದು 0.07 ಕೂಡ ಇರಲಿಲ್ಲ. ತೆಳ್ಳಗಾದಷ್ಟೂ ಬೇಗ ಒಣಗುತ್ತದೆ. ಬೇಗ ಒಣಗಿದರೆ ಒಳ್ಳೆಯದಲ್ವಾ ಅಂತ ಯಾರಾದರೂ ಕೇಳಬಹುದು. ಇಲ್ಲೇ ಇರುವುದು ತೊಂದರೆ.

ತಳದ ಬಿಳಿ ಕೆಸರು ಎರಡನೇ ಸುಳಿವು. ಟೀಚರ್ ಕೇಳಿದ್ದು ಸ್ಯಾಟಿನ್, ಜಾಸ್ತಿ ಹೊಳೆಯದ್ದು. ಹೊಳಪು ಕಮ್ಮಿ ಮಾಡಲು ಅದರಲ್ಲಿ ಸಿಲಿಕಾದಂಥ ನುಣ್ಣನೆ ಪುಡಿ ಹಾಕಿರುತ್ತಾರೆ. ಡಬ್ಬ ಸುಮ್ನೆ ಇಟ್ಟರೆ ಅದು ತಳಕ್ಕೆ ಇಳಿಯುತ್ತದೆ. ಕಲಕದೆ ಮೇಲಿನದನ್ನು ಬಗ್ಗಿಸಿದರೆ ಮೊದಲು ಹೊಡೆದ ಜಾಗ ಗಾಜಿನಂತೆ ಹೊಳೆಯುತ್ತದೆ, ಕೊನೆಗೆ ಹೊಡೆದ ಜಾಗಕ್ಕೆ ಪುಡಿ ಜಾಸ್ತಿ ಬಿದ್ದು ಮಂಕಾಗುತ್ತದೆ. ಯಾವ ಮೂಲೆಯಿಂದ ಶುರು ಮಾಡಿ ಯಾವ ಬಾಗಿಲಿಂದ ಆಚೆ ಹೋದ ಅಂತ ನೆಲ ನೋಡಿಯೇ ಹೇಳಬಹುದಿತ್ತು. ಆಮೇಲೆ ಕೇಳಿದಾಗ ಪೇಂಟರ್ ಹೇಳಿದ್ದೂ ಅದೇ ದಾರಿ. ಕಲಕಿದ್ದೆಯಾ ಅಂದರೆ, "ಅಲ್ಲಾಡಿಸಿದ್ದೆ ಅಣ್ಣಾ, ಚೆನ್ನಾಗಿ" ಅಂದ. ಅಲ್ಲಾಡಿಸಿದರೆ ಪುಡಿ ಪೂರ್ತಿ ಏಳುವುದಿಲ್ಲ. ಗಾಳಿ ಮಾತ್ರ ಒಳಗೆ ಸೇರುತ್ತದೆ, ನೊರೆ ಬರುತ್ತದೆ. ಗುಳ್ಳೆಗೆ ಅದೂ ಒಂದು ಕಾರಣ.

ಗೋಡೆ ಬುಡದಲ್ಲಿ ಪೊರೆ ಎದ್ದದ್ದು ಬೇರೆ ಕಥೆ. ಉಜ್ಜುವ ಮಷೀನು ಗೋಡೆಯ ಬುಡಕ್ಕೆ ಹೋಗುವುದಿಲ್ಲ, ಅಲ್ಲಿ ಕೈಯಲ್ಲೇ ಉಜ್ಜಬೇಕು. ಆತ ಉಜ್ಜಿದ್ದ, ಆದರೆ ಸಾಲದು. ಬಿಳಿ ಬಟ್ಟೆಗೆ ಟರ್ಪೆಂಟೈನ್ ಹಾಕಿ ಪೊರೆ ಎದ್ದ ಜಾಗ ಒರೆಸಿದೆ. ಬಟ್ಟೆಗೆ ಹಳದಿ ಜಿಡ್ಡು ಹತ್ತಿತು. ಅಮ್ಮ ವರ್ಷಗಟ್ಟಲೆ ತಿಕ್ಕಿದ ಮೇಣ. ಮೇಣದ ಮೇಲೆ ನೀರಿನ ಪಿಯು ಅಂಟಲ್ಲ. ಕೋಣೆಯ ನಡುವೆ ಬ್ಲೇಡಿನಿಂದ ಅಡ್ಡ ಉದ್ದ ಗೀರಿ, ಟೇಪ್ ಒತ್ತಿ ಸರ್ರನೆ ಕಿತ್ತು ನೋಡಿದೆ. ಕೆಳಗಿನ ಕೋಟ್ ಮರಕ್ಕೆ ಕಚ್ಚಿಕೊಂಡಿತ್ತು. ಮೇಲಿನದು ಮಾತ್ರ ಚೂರು ಚೂರಾಗಿ ಟೇಪಿಗೆ ಬಂತು. ಮೊದಲ ಕೋಟ್ ಹೊಡೆದು ಮರುದಿನ ಬಂದವನು ಎಮರಿ ಹಾಳೆ ಆಡಿಸದೆ ಎರಡನೆಯದು ಹೊಡೆದಿದ್ದ. ಅದೇ ದಿನ, ಡಬ್ಬದಲ್ಲಿ ಹೇಳಿದ ಗಂಟೆಗಳ ಒಳಗೆ ಹೊಡೆದಿದ್ದರೆ ನಡೆಯುತ್ತಿತ್ತು.

ಇಷ್ಟರಲ್ಲಿ ರೋಲರ್‌ನ ಪಾಲು ಎಷ್ಟು? ಪಟ್ಟೆ, ಚೌಕಟ್ಟು, ಗುಳ್ಳೆ, ಈ ಮೂರಕ್ಕೆ ಇನ್ನೂ ಉತ್ತರ ಸಿಕ್ಕಿರಲಿಲ್ಲ. ನನಗೆ ಅನುಮಾನ ಇದ್ದದ್ದು ಮೇಲೆ ತಿರುಗುತ್ತಿದ್ದ ಎರಡು ಫ್ಯಾನ್‌ಗಳ ಮೇಲೆ.

ನಾಲ್ಕು ಹಲಗೆ

ಸುಮ್ನೆ ವಾದ ಮಾಡುವುದಕ್ಕಿಂತ ತೋರಿಸುವುದು ಒಳ್ಳೆಯದು. ಪೇಂಟರ್‌ನನ್ನೂ ಬರಲು ಹೇಳಿದೆ. ಮುಖ ಸಣ್ಣ ಮಾಡಿಕೊಂಡು ಬಂದ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಿಂದ ನಾಲ್ಕು ಹಳೆಯ ತೇಗದ ಹಲಗೆ ತಂದಿದ್ದೆ, ಚೆನ್ನಾಗಿ ಉಜ್ಜಿ ಇಟ್ಟಿದ್ದೆ. ಎರಡು ರೋಲರ್. ಒಂದು ಆತನದೇ, ಗೋಡೆಗೆ ಬಳಸುವ ಉದ್ದ ರೋಮದ್ದು. ಇನ್ನೊಂದು ನನ್ನದು, 9 ಇಂಚಿನ ಮೈಕ್ರೋಫೈಬರ್, ರೋಮ 6 ಮಿಲಿಮೀಟರ್. ಎರಡು ಹಲಗೆ ಫ್ಯಾನ್ ಕೆಳಗೆ, ಎರಡು ಹಲಗೆ ಫ್ಯಾನ್ ಇಲ್ಲದ ಪಕ್ಕದ ಕೋಣೆಯಲ್ಲಿ. ಪ್ರತಿ ಹಲಗೆಗೂ ಅರ್ಧ ಹೊಡೆದು, ಐದು ನಿಮಿಷ ಬಿಟ್ಟು, ಉಳಿದರ್ಧವನ್ನು ಮೊದಲರ್ಧದ ಮೇಲೆ ಸ್ವಲ್ಪ ಹತ್ತಿಸಿ ಹೊಡೆಯುವುದು. ದ್ರವ ಎಲ್ಲಕ್ಕೂ ಒಂದೇ, ಚೆನ್ನಾಗಿ ಕಲಕಿದ್ದು. ಹೊಡೆದವನು ಪೇಂಟರೇ. ನನ್ನ ಕೈ ಬಂದರೆ ಪಂಚಾಯಿತಿ ಮತ್ತೆ ಶುರುವಾಗುತ್ತಿತ್ತು.

ಫ್ಯಾನ್ ಕೆಳಗಿನ ಎರಡೂ ಹಲಗೆಯಲ್ಲಿ ಹತ್ತಿಸಿದ ಜಾಗದಲ್ಲಿ ಪಟ್ಟೆ ಎದ್ದಿತು. ನನ್ನ ರೋಲರ್‌ನಲ್ಲೂ ಎದ್ದಿತು. ಫ್ಯಾನ್ ಇಲ್ಲದ ಕೋಣೆಯಲ್ಲಿ ಆತನ ರೋಲರ್‌ನ ಹಲಗೆಗೆ ನೂಲು ಹತ್ತಿತ್ತು, ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗಿತ್ತು. ಆದರೆ ಪಟ್ಟೆ ಇರಲಿಲ್ಲ. ಸಣ್ಣ ರೋಮದ್ದು, ಫ್ಯಾನ್ ಇಲ್ಲದ್ದು, ಅದೊಂದು ಹಲಗೆ ಮಾತ್ರ ಶುದ್ಧ. ಮೇಷ್ಟ್ರು ನಾಲ್ಕನ್ನೂ ಕಿಟಕಿಗೆ ಓರೆ ಹಿಡಿದು ಸುಮಾರು ಹೊತ್ತು ನೋಡಿದರು. "ಅಂದರೆ ನೂಲು, ಸಿಪ್ಪೆ ರೋಲರ್‌ದು. ಪಟ್ಟೆ ಗಾಳಿದು" ಅಂದರು. ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟವರು, ಒಂದೇ ಮಾತಲ್ಲಿ ಮುಗಿಸಿದರು.

ಹೀಗೇಕೆ ಆಗುತ್ತದೆ ಅಂದರೆ, ನೀರಿನ ಪಿಯುನಲ್ಲಿ ಪಾಲಿಯುರೆಥೇನ್ ನುಣ್ಣನೆ ಕಣಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ಅದಕ್ಕೇ ಡಬ್ಬದಲ್ಲಿ ಹಾಲಿನ ಬಣ್ಣ. ನೀರು ಆರಿದಂತೆ ಕಣಗಳು ಒತ್ತೊತ್ತಾಗಿ ಬಂದು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಪೊರೆ ಪಾರದರ್ಶಕ ಆಗುತ್ತದೆ. ಒಮ್ಮೆ ಬೆಸೆದದ್ದು ಮತ್ತೆ ನೀರು ಬಿದ್ದರೆ ಕರಗುವುದಿಲ್ಲ. ಹೊಸದಾಗಿ ಹೊಡೆದದ್ದು ಹಳೆಯ ಅಂಚಿನ ಒಳಗೆ ಸೇರಬೇಕಾದರೆ ಆ ಅಂಚು ಇನ್ನೂ ಹಸಿ ಇರಬೇಕು. ಅರೆಬರೆ ಆರಿದ ಅಂಚಿನ ಮೇಲೆ ರೋಲರ್ ಹೋದರೆ ಸೇರುವುದಿಲ್ಲ, ಮೇಲೆ ಕೂರುತ್ತದೆ. ಅದೇ ಪಟ್ಟೆ. ಮಾರ್ಚ್ ಬಿಸಿಲಿನ ಬೆಂಗಳೂರಲ್ಲಿ, ಒಣ ಗಾಳಿಯಲ್ಲಿ, ಎರಡು ಫ್ಯಾನ್ ಕೆಳಗೆ, ತೆಳ್ಳಗೆ ಎಳೆದ ಪೊರೆಯ ಅಂಚು ಎಷ್ಟು ಹೊತ್ತು ಹಸಿ ಇರುತ್ತದೆ? ಆ ದಿನ ಹಲಗೆಯ ಮೇಲೆ ಬೆರಳಿಟ್ಟು ನೋಡಿದೆ. ಮೂರು ನಿಮಿಷ ಕೂಡ ಇಲ್ಲ.

ಹಳೆಯ ಸ್ಪಿರಿಟ್ ಪಾಲಿಷ್ ಹೀಗಲ್ಲ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ಹಚ್ಚುವಾಗ ಹೊಸ ಕೈ ಹಳೆಯ ಕೈಯನ್ನು ಮತ್ತೆ ಕರಗಿಸಿಕೊಳ್ಳುತ್ತದೆ. ತಪ್ಪಾದರೆ ಇನ್ನೊಂದು ಸಲ ಆಡಿಸು, ಸರಿಹೋಗುತ್ತದೆ. ನಮ್ಮಪ್ಪ ಆಚಾರಿ, ನಾನು ಕಲಿತದ್ದೂ ಅದನ್ನೇ. "ಕಣ್ಣಿಗೆ ಬಿತ್ತಾ, ಇನ್ನೊಂದು ಕೈ ಹಾಕು" ಅನ್ನುತ್ತಿದ್ದರು. ಪಿಯು ಹತ್ತಿರ ಆ ಪಾಠ ಮರೆಯಬೇಕು. ಮರೆಯಲು ನನಗೂ ಎರಡು ನೆಲ ಕೆಡಬೇಕಾಯಿತು. ಇನ್ನೊಂದು ಕೆಡಲಿತ್ತು, ಮುಂದೆ ಹೇಳುತ್ತೇನೆ.

ಚೌಕಟ್ಟಿಗೂ ಇದೇ ಕಾರಣ. ಗೋಡೆ ಬಳಿಯುವವನು ಮೊದಲು ನಾಲ್ಕೂ ಅಂಚಿಗೆ ಬ್ರಷ್ ಎಳೆದು, ಆಮೇಲೆ ನಡುವೆ ರೋಲರ್ ಹಿಡಿಯುತ್ತಾನೆ. ಇಲ್ಲೂ ಹಾಗೇ ಮಾಡಿದ. ಸುತ್ತ 68 ಅಡಿ ಬ್ರಷ್ ಎಳೆದು ಬರುವಷ್ಟರಲ್ಲಿ ಮೊದಲ ಗೋಡೆಯ ಅಂಚು ಒಣಗಿ ಅರ್ಧ ಗಂಟೆ ಆಗಿತ್ತು.

ಗುಳ್ಳೆ ಬರೀ ಪೂರ್ವದ ಕಿಟಕಿ ಹತ್ತಿರ ಯಾಕೆ? ಹೊಡೆದದ್ದು ಬೆಳಿಗ್ಗೆ ಹತ್ತರಿಂದ. ಹಲಗೆಯ ಮೇಲೆ ಬಿಸಿಲು ಬಿದ್ದಿತ್ತು. ತೇಗದ ರಂಧ್ರಗಳು ದೊಡ್ಡವು. ಮರ ಕಾದಂತೆ ಒಳಗಿನ ಗಾಳಿ ಹಿಗ್ಗಿ ಮೇಲೆ ಬರುತ್ತದೆ. ಪೊರೆ ಹಸಿ ಇದ್ದರೆ ಗುಳ್ಳೆ ಒಡೆದು ಮುಚ್ಚಿಕೊಳ್ಳುತ್ತದೆ. ಮೇಲೆ ಆಗಲೇ ಚರ್ಮ ಕಟ್ಟಿದ್ದರೆ ಸಿಕ್ಕಿಬೀಳುತ್ತದೆ.

ಒಟ್ಟಿನಲ್ಲಿ ಆತ ಮಾಡಿದ ಒಂದೊಂದೂ ಗೋಡೆಗೆ ಸರಿ. ಎಳೆದು ಹೊಡೆಯುವುದು, ಅಂಚು ಮೊದಲು, ಫ್ಯಾನ್ ಹಾಕಿ ಬೇಗ ಒಣಗಿಸುವುದು, ಕಂಡ ಕಡೆ ಇನ್ನೊಮ್ಮೆ ರೋಲರ್ ಆಡಿಸುವುದು. ಇದನ್ನು ಆತನಿಗೆ ಹೀಗೇ ಹೇಳಿದೆ. ಮುಖ ಸ್ವಲ್ಪ ಅರಳಿತು. ಮರುಕೆಲಸಕ್ಕೆ ಆತನೇ ಬೇಕು ಅಂದೆ. ಟೀಚರ್ ಒಪ್ಪಲು ಎರಡು ಕಾಫಿ ಆಯಿತು.

ಮತ್ತೆ ಮೊದಲಿಂದ

ಪೂರ್ತಿ ಉಜ್ಜಬೇಕಾಯಿತು. ಮೇಲಿನ ಕೋಟ್ ಕಚ್ಚಿಕೊಂಡಿಲ್ಲದ ಕಡೆ ಮೂರನೆಯದು ಹೊಡೆಯುವುದು ದುಡ್ಡಿಗೂ ದಂಡ, ಕೆಲಸಕ್ಕೂ ದಂಡ. ಒಂದು ಇಂಚಿನ ಹಲಗೆ, ಉಜ್ಜಿದರೆ ಸವೆದುಹೋಗುವ ಭಯ ಇರಲಿಲ್ಲ. ಮಷೀನಿಗೆ 80ರ ಎಮರಿ ಹಾಳೆ, ಆಮೇಲೆ 120, ನಂಬರ್ ಹೆಚ್ಚಿದಷ್ಟೂ ಹಾಳೆ ನುಣುಪು. ಮರದ ಎಳೆಯ ಉದ್ದಕ್ಕೇ. ಗೋಡೆಯ ಬುಡಕ್ಕೆ ಟರ್ಪೆಂಟೈನ್ ಬಟ್ಟೆಯಿಂದ ಮೇಣ ತೆಗೆದು, ಬಟ್ಟೆ ಬದಲಾಯಿಸಿ ಬದಲಾಯಿಸಿ ಒರೆಸಿ, ಆಮೇಲೆ ಗಾಜಿನ ಚೂರಿನಿಂದ ಕೆರೆದೆವು. ಈಗಿನ ಹುಡುಗರು ನಗುತ್ತಾರೆ. ಹೊಸದಾಗಿ ಒಡೆದ ಗಾಜಿನ ಅಂಚಿನಷ್ಟು ಚೆನ್ನಾಗಿ ಮೂಲೆ ಕೆರೆಯುವ ಸಾಮಾನು ನಾನಂತೂ ನೋಡಿಲ್ಲ. ಅಪ್ಪ ಉಪ್ಪು ಕಾಗದಕ್ಕೆ ದುಡ್ಡು ಹಾಕುವ ಮೊದಲು ಗಾಜು ಹುಡುಕುತ್ತಿದ್ದರು. ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ ಅಷ್ಟೆ. ತೇಗದ ಧೂಳು ಮೂಗಿಗೂ ಚರ್ಮಕ್ಕೂ ಆಗುವುದಿಲ್ಲ, ಮಾಸ್ಕ್ ಬೇಕು. ಅಮ್ಮನನ್ನು ಆ ಎರಡು ದಿನ ಜಯನಗರದ ತಂಗಿ ಮನೆಗೆ ಕಳಿಸಿದರು.

ಸ್ಟೀಲ್ ವೂಲ್ ತೆಗೆದುಕೊಂಡು ಬರಲಾ ಅಂತ ಪೇಂಟರ್ ಕೇಳಿದ. ನೀರಿನ ಪಿಯು ಕೆಲಸಕ್ಕೆ ಅದನ್ನು ಮುಟ್ಟಲೇಬಾರದು. ಮರದ ರಂಧ್ರದಲ್ಲಿ ಸಿಕ್ಕ ಒಂದು ಚೂರು ಸಾಕು, ನೀರು ತಾಗಿದರೆ ತುಕ್ಕಿನ ಚುಕ್ಕೆ. ಧೂಳನ್ನು ವ್ಯಾಕ್ಯೂಮ್‌ನಲ್ಲಿ ಎಳೆದು, ಹಿಂಡಿದ ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿದೆವು.

ಮೊದಲ ಕೋಟ್‌ಗೆ ಏನು ಅನ್ನುವುದರ ಮೇಲೆ ಸ್ವಲ್ಪ ಚರ್ಚೆ ಆಯಿತು. ಸ್ಪಿರಿಟ್ ಪಾಲಿಷ್ ಒಂದು ಕೈ ಹಾಕಿ ಮೇಲೆ ಪಿಯು ಹೊಡೆಯೋಣ, ತೇಗದ ಎಣ್ಣೆ ಒಳಗೇ ಉಳಿಯುತ್ತದೆ ಅಂತ ಮೇಷ್ಟ್ರಿಗೆ ಯಾರೋ ಹೇಳಿದ್ದರು. ಯೋಚನೆ ತಪ್ಪಲ್ಲ. ಆದರೆ ಮಾಮೂಲಿ ಅರಗಿನಲ್ಲಿ ಅದರದೇ ಮೇಣ ಇರುತ್ತದೆ, ಅದರ ಮೇಲೆ ಪಿಯು ನಿಲ್ಲಲ್ಲ. ಮೇಣ ತೆಗೆದ ಅರಗು ಆದರೆ ಸರಿ. ನಾವು ಅದೇ ಕಂಪನಿಯ ನೀರಿನ ಸೀಲರ್, ಅಂದರೆ ಪಿಯುಗೆ ಮೊದಲು ಮರಕ್ಕೆ ಹಚ್ಚುವ ತಳದ ಕೋಟ್, ಹಾಕಿದೆವು. ಸೀಲರ್ ಒಣಗಿದ ಮೇಲೆ ಕೈಯಾಡಿಸಿದರೆ ಹಲಗೆ ಗಡ್ಡ ಬೆಳೆದ ಕೆನ್ನೆಯ ಹಾಗಿತ್ತು. ನೀರು ಕುಡಿದು ಮರದ ನಾರು ಎದ್ದು ನಿಲ್ಲುತ್ತದೆ, ಹೆದರಬೇಕಾಗಿಲ್ಲ. 220ರ ಹಾಳೆ ಹಗುರವಾಗಿ ಆಡಿಸಿ, ಒರೆಸಿ, ಮುಂದಕ್ಕೆ.

ಇನ್ನು ಹೊಡೆಯುವ ಕೆಲಸ. ಹಿಂದಿನ ರಾತ್ರಿಯೇ ಪೂರ್ವದ ಕಿಟಕಿಗೆ ಒಳಗಿನಿಂದ ಹಳೆಯ ಪೇಪರ್ ಅಂಟಿಸಿದೆವು. ಫ್ಯಾನ್ ಸ್ವಿಚ್ ಮೇಲೆ ಟೇಪ್ ಹಾಕಿದೆ, ಅಭ್ಯಾಸ ಬಲದಿಂದ ಯಾರಾದರೂ ಹಾಕಿಬಿಡುತ್ತಾರೆ. ಶುರು ಮಾಡಿದ್ದು ಬೆಳಿಗ್ಗೆ ಆರೂವರೆಗೆ. ಆ ಹೊತ್ತಿಗೆ ನೆಲ ತಣ್ಣಗಿರುತ್ತದೆ, ಗಾಳಿಯಲ್ಲಿ ತೇವವೂ ಸ್ವಲ್ಪ ಜಾಸ್ತಿ. ಹೊಡೆಯುವಾಗ ಕಿಟಕಿ ಮುಚ್ಚಿರಬೇಕು, ಮುಗಿಸಿ ಅರ್ಧ ಗಂಟೆ ಬಿಟ್ಟು ತೆಗೆಯಬೇಕು.

ಹೊಸ ರೋಲರ್ ಎಷ್ಟೇ ಒಳ್ಳೆಯದಾದರೂ ಮೊದಲು ನೂಲು ಬಿಡುತ್ತದೆ. ಸುತ್ತ ಮಾಸ್ಕಿಂಗ್ ಟೇಪ್ ಸುತ್ತಿ ಕಿತ್ತರೆ ಸಡಿಲ ನೂಲೆಲ್ಲ ಟೇಪಿಗೆ ಬರುತ್ತದೆ. ಆಮೇಲೆ ನೀರಿನಲ್ಲಿ ತೊಳೆದು ಚೆನ್ನಾಗಿ ಹಿಂಡಿ, ಒದ್ದೆಯಾಗಿರುವಾಗಲೇ ಬಳಸಬೇಕು. ಫೋಮ್ ರೋಲರ್ ಬೇಡ, ಹಿಂಡಿದಾಗಲೆಲ್ಲ ಗಾಳಿ ಉಗುಳುತ್ತದೆ. ಡಬ್ಬವನ್ನು ಅಗಲ ಪಟ್ಟಿಯಿಂದ ತಳ ಕೆರೆದು ಕೆರೆದು ಐದು ನಿಮಿಷ ನಿಧಾನವಾಗಿ ಕಲಕಿ, ಸೋಸಿ ಟ್ರೇಗೆ ಬಗ್ಗಿಸಿದೆವು. ಕೆಲವರು ನೆಲಕ್ಕೇ ಸುರಿದು ರೋಲರ್‌ನಿಂದ ಹರಡುತ್ತಾರೆ. ಈ ಮನೆಯಲ್ಲಿ ಹಾಗೆ ಮಾಡಿದ್ದರೆ ಹಲಗೆಯ ಸಂದಿನಿಂದ ಕೆಳಗಿನ ನಡುಮನೆಗೆ ಮಳೆ. ಸಂದಿನಲ್ಲಿ ಕೆಳಗಿನ ದೀಪ ಕಾಣುತ್ತಿತ್ತು. ಸಂದು ತುಂಬೋಣ ಅಂದರು, ನಾನು ಬೇಡ ಅಂದೆ. ಹಲಗೆ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಸಂದಿಗೆ ತುಂಬಿದ ಲಪ್ಪ, ಅಂದರೆ ಪುಟ್ಟಿ, ಒಂದೇ ವರ್ಷದಲ್ಲಿ ಪುಡಿಯಾಗಿ ಕೆಳಗೆ ಉದುರುತ್ತದೆ.

ಒಬ್ಬನಿಂದ ಆಗುವ ಕೆಲಸ ಅಲ್ಲ ಇದು. ನಾನು ಬ್ರಷ್, ಪೇಂಟರ್ ಉದ್ದ ಕೋಲಿನ ರೋಲರ್. ನಾನು ಗೋಡೆಯ ಬುಡಕ್ಕೆ ಮೂರು ನಾಲ್ಕು ಅಡಿ ಮಾತ್ರ ಎಳೆಯುವುದು, ಆತ ತಕ್ಷಣ ಹಿಂದೆ ಬಂದು ಅದನ್ನು ಸೇರಿಸಿಕೊಳ್ಳುವುದು. ಬಾಗಿಲಿಗೆ ಎದುರಿನ ಗೋಡೆಯಿಂದ ಶುರು. ಹಲಗೆಯ ಉದ್ದಕ್ಕೆ ಎರಡೂವರೆ ಅಡಿ ಅಗಲದ ಸಾಲು, ಈ ಕೊನೆಯಿಂದ ಆ ಕೊನೆಗೆ. ಪ್ರತಿ ಸಾಲೂ ಹಲಗೆಯ ಸಂದಿಗೇ ನಿಲ್ಲಬೇಕು. ಒಂದು ವೇಳೆ ಗೆರೆ ಎದ್ದರೂ ಸಂದಿನ ಗೆರೆಯಲ್ಲಿ ಅಡಗುತ್ತದೆ. ಸಾಲು ತುಂಬಿದ ಮೇಲೆ ಕೊನೆಯ ಕೈ: ಒತ್ತಡ ಇಲ್ಲದೆ, ಒಂದೇ ದಿಕ್ಕಿಗೆ, ಒಂದೇ ಸಲ, ಹಸಿ ಅಂಚಿನ ಕಡೆಗೆ. ಅಷ್ಟೇ. ಮತ್ತೆ ಮುಟ್ಟಬಾರದು. ಸಣ್ಣ ಗುಳ್ಳೆ ಕಂಡರೂ ಬಿಡಬೇಕು, ಒಂದೆರಡು ನಿಮಿಷದಲ್ಲಿ ತಾನೇ ಒಡೆಯುತ್ತದೆ.

ಪೇಂಟರ್‌ಗೆ ಕಷ್ಟ ಆದದ್ದು ಇದೇ, ಮುಟ್ಟದೆ ಇರುವುದು. ಎರಡು ಸಲ ಕೋಲು ಹಿಂದಕ್ಕೆ ಹೋಯಿತು, ಎರಡು ಸಲವೂ "ಬಿಡು ಬಿಡು" ಅಂದೆ. 2.6 ಲೀಟರಿನ ಗುರುತು ಬಕೆಟ್ ಮೇಲೆ ಹಾಕಿದ್ದೆ. ಬಾಗಿಲಿಗೆ ಬಂದಾಗ ಬಕೆಟ್ ಖಾಲಿ ಆಗಿರಬೇಕು, ಮೊದಲೂ ಅಲ್ಲ, ಆಮೇಲೂ ಅಲ್ಲ. ಮೊದಲ ಪಿಯು ಕೋಟ್ 35 ನಿಮಿಷದಲ್ಲಿ ಮುಗಿಯಿತು. ಮೇಷ್ಟ್ರು ಬಾಗಿಲಲ್ಲಿ ಚಾಪೆ ಹಾಸಿಕೊಂಡು ಪೇಪರ್ ಓದುತ್ತಾ ಕೂತಿದ್ದರು, ಕಾವಲಿಗೆ.

ಎರಡನೇ ಕೋಟ್ ಮರುದಿನ, 220ರ ಹಾಳೆ ಆಡಿಸಿ ಒರೆಸಿದ ಮೇಲೆ. ಅದರ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ. ಕೆಲಸ ಚೆನ್ನಾಗಿ ಹೋದರೆ ಹಾಗೇ.

ಮೂರನೇ ಕೋಟ್ ಮಾರ್ಚ್ 24ರ ಬೆಳಿಗ್ಗೆ. ಅರ್ಧಕ್ಕೂ ಜಾಸ್ತಿ ಆಗಿತ್ತು. ಗೇಟಿನ ಹತ್ತಿರ ನೀರಿನ ಟ್ಯಾಂಕರ್ ಹಾರನ್. ಮೇಷ್ಟ್ರು ಸಂಪಿನ ಮುಚ್ಚಳ ತೆಗೆಯಲು ಇಳಿದರು, ಒಬ್ಬರಿಂದ ಆಗಲಿಲ್ಲ, "ಒಂದ್ ನಿಮಿಷ ಬಾರಪ್ಪ" ಅಂತ ಪೇಂಟರ್‌ನನ್ನು ಕೂಗಿದರು. ಆತ ಕೋಲು ಬಿಟ್ಟು ಓಡಿದ. ಹತ್ತು ವರ್ಷದ ಪರಿಚಯ, ಇಲ್ಲ ಅನ್ನಲಾಗುತ್ತದಾ? ನಾನು ಬ್ರಷ್ ಇಟ್ಟು ರೋಲರ್ ಹಿಡಿದೆ. ಟ್ರೇ ದೂರ, ಕೋಲು ಜಾರಿತು, ಅಷ್ಟರಲ್ಲಿ ಆರೇಳು ನಿಮಿಷ ಹೋಯಿತು. ಸಾಲಿನ ಅಂಚು ಮಂಕಾಗಿತ್ತು, ಕಣ್ಣಿಗೆ ಕಂಡಿತು. ಅಲ್ಲಿಗೆ ಹೊಸ ಸಾಲು ಶುರು ಮಾಡಿ ಮುಂದೆ ಹೋಗಬೇಕಿತ್ತು. ಹೋಗಲಿಲ್ಲ. ಅಪ್ಪನ ಮಾತು ಕೈಗೆ ಬಂತು, ಇನ್ನೊಂದು ಕೈ ಹಾಕು. ಆ ಅಂಚಿನ ಮೇಲೆ ರೋಲರ್ ಆಡಿಸಿದೆ. ಅರೆ ಒಣಗಿದ ಪೊರೆ ಸ್ವಲ್ಪ ಸುಕ್ಕಾಗಿ ಎದ್ದಿತು. ಒಂದು ಗೇಣು ಉದ್ದ. ಪೇಂಟರ್ ಮೇಲೆ ಬಂದು ನೋಡಿದ. "ಬಿಡಿ ಬಿಡಿ ಅಣ್ಣಾ" ಅಂದ. ನನ್ನ ಮಾತು ನನಗೇ ವಾಪಸ್ ಕೊಟ್ಟ.

ಬಿಟ್ಟೆವು. ಸುಕ್ಕಾದ ಚೂರನ್ನು ನಾಲ್ಕು ದಿನದ ನಂತರ 320ರ ಹಾಳೆಯಿಂದ ಸಮ ಮಾಡಿದೆ. ಆ ಒಂದು ಗೇಣಿಗೆ ನಾಲ್ಕನೇ ಕೋಟ್ ಹೊಡೆದರೆ ಅದರ ಸುತ್ತ ಹೊಸ ಅಂಚು ಹುಟ್ಟುತ್ತದೆ. ಇಡೀ ಕೋಣೆಗೆ ಹೊಡೆಯುವಷ್ಟು ದೊಡ್ಡ ತಪ್ಪೂ ಅಲ್ಲ ಅಂತ ಟೀಚರೇ ಅಂದರು.

ಉಳಿದದ್ದು ಕಾಯುವ ಕೆಲಸ. ಮುಟ್ಟಿದರೆ ಒಣಗಿದೆ ಅನ್ನಿಸುವುದು ಎರಡು ಮೂರು ಗಂಟೆಗೆ. ಬರಿಗಾಲಲ್ಲಿ ನಡೆಯಲು ಒಂದು ದಿನ. ಚಾಪೆ, ಜಮಖಾನ ಹಾಸಲು ಒಂದು ವಾರ. ಪೂರ್ತಿ ಗಟ್ಟಿಯಾಗಲು ಡಬ್ಬದ ಪ್ರಕಾರ 30 ದಿನ. ಶಿಬಿರಕ್ಕೆ ಇದ್ದದ್ದು 14 ದಿನ. ಟೀಚರ್ ಹತ್ತಿರ ಚೌಕಾಸಿ ಮಾಡಿದೆ: ಮೊದಲ ಎರಡು ವಾರ ಕೂತು ಮಾಡುವ ಪಾಠ, ಹಸ್ತ, ತಾಳ, ಅಭಿನಯ. ತಟ್ಟಡವು ಬೇಕಾದರೆ ಹಗುರವಾಗಿ, ಗೆಜ್ಜೆ ಮಾತ್ರ ಏಪ್ರಿಲ್ 24ರ ನಂತರ. "ಮಕ್ಕಳಿಗೆ ಹಗುರವಾಗಿ ತಟ್ಟು ಅಂತ ಹೇಗೆ ಹೇಳಲಿ?" ಅಂದರು. ಆದರೂ ಮಾತು ಉಳಿಸಿಕೊಂಡರು. ಜಾರುತ್ತದಾ ಅನ್ನುವ ಭಯವೂ ಅವರಿಗಿತ್ತು. ಮೇಣದಷ್ಟು ಜಾರುವುದಿಲ್ಲ, ಆದರೆ ಧೂಳು ಬಿದ್ದರೆ ಜಾರುತ್ತದೆ. ಕ್ಲಾಸಿಗೆ ಮುಂಚೆ ಹಿಂಡಿದ ಬಟ್ಟೆಯಲ್ಲಿ ಒರೆಸಿ ಅಂದಿದ್ದೇನೆ. ಅಮ್ಮ ಮತ್ತೆ ಮೇಣದ ಡಬ್ಬ ತೆಗೆಯಬಾರದು, ಅದನ್ನು ಮೂರು ಸಲ ಹೇಳಿದೆ. ಒಮ್ಮೆ ಮೇಣ ಬಿದ್ದರೆ ಮುಂದಿನ ಸಲ ಪಿಯು ಮೇಲೆ ಪಿಯು ಹೊಡೆಯಲು ಬರುವುದಿಲ್ಲ, ಮತ್ತೆ ಮರದವರೆಗೆ ಉಜ್ಜಬೇಕು.

ಮೂರು ಕೋಟ್‌ಗೆ 7.8 ಲೀಟರ್ ಹೋಯಿತು, ಸೀಲರ್ ಬೇರೆ. ಅದರಲ್ಲಿ ಮೂರನೇ ಒಂದು ಭಾಗ ಗಟ್ಟಿ ಪದಾರ್ಥ ಅಂದುಕೊಂಡರೂ ಒಣಗಿದ ಪೊರೆ 0.1 ಮಿಲಿಮೀಟರ್. ಒಂದು ಕೂದಲಿಗಿಂತ ಸ್ವಲ್ಪ ದಪ್ಪ. ಅಷ್ಟರ ಮೇಲೆ ಹದಿನೆಂಟು ಮಕ್ಕಳು ಕುಣಿಯುತ್ತಾರೆ.

ಮೇ ತಿಂಗಳಲ್ಲಿ ಒಮ್ಮೆ ಹೋಗಿದ್ದೆ. ಪೇಂಟರ್ ಕೂಡ ಬಂದಿದ್ದ, ಕಿಟಕಿಗೆ ಬಣ್ಣ ಹೊಡೆಯಲು. ಸಂಜೆ ಐದರ ಹೊತ್ತಿಗೆ ಪಶ್ಚಿಮದ ಬಿಸಿಲು ಓರೆಯಾಗಿ ನೆಲದ ಮೇಲೆ ಬಿದ್ದಾಗ ಆ ಒಂದು ಗೇಣು ಕಾಣುತ್ತದೆ. ಬೇರೆ ಹೊತ್ತಲ್ಲಿ ಹುಡುಕಿದರೂ ಸಿಗುವುದಿಲ್ಲ. ಟೀಚರ್ ತಾಳ ಹಾಕುವ ಮಣೆಯನ್ನು ಈಗ ಸರಿಯಾಗಿ ಅದರ ಮೇಲೆ ಇಡುತ್ತಾರೆ. ಮಣೆಯ ಕಾಲಿಗೆ ಬಟ್ಟೆ ಅಂಟಿಸಿಕೊಂಡಿದ್ದರು, ಅದನ್ನು ನಾನು ಹೇಳಿರಲಿಲ್ಲ.